ಡಬ್ಬಿಯಲ್ಲಿರುವುದು ಯಾವ ಸುಣ್ಣ?

ಸುಣ್ಣ ಎಂಬ ಒಂದೇ ಹೆಸರಿನಡಿ ನಮ್ಮ ಮನೆ, ತೋಟ, ಗೋಡೆಗಳಲ್ಲಿ ಮೂರು ಬೇರೆ ಬೇರೆ ರಾಸಾಯನಿಕಗಳು ಓಡಾಡುತ್ತಿವೆ. ಮೂರೂ ಬಿಳಿ, ಮೂರರಲ್ಲೂ ಕ್ಯಾಲ್ಸಿಯಂ ಇದೆ. ಆದರೆ ಮೊದಲನೆಯದು ನೀರು ಸೋಕಿದರೆ ಕುದಿಯುತ್ತದೆ, ಎರಡನೆಯದು ಕಣ್ಣು ಸುಡುತ್ತದೆ, ಮೂರನೆಯದು ಹೊಟ್ಟೆಯುರಿಗೆ ಚೀಪುವ ಮಾತ್ರೆಯಲ್ಲಿ ಇರುತ್ತದೆ. ಎಲೆಗೆ ಹಚ್ಚುವವರಿರಲಿ, ಗೋಡೆಗೆ ಬಳಿಯುವವರಿರಲಿ, ಅಡಿಕೆ ಗೊನೆಗೆ ಔಷಧಿ ಹೊಡೆಸುವವರಿರಲಿ, ಉಳುಕಿಗೆ ಪಟ್ಟು ಹಾಕುವವರಿರಲಿ, ಎಡವುವುದು ಹೆಚ್ಚಾಗಿ ಒಂದೇ ಕಡೆ: ಕೈಯಲ್ಲಿರುವುದು ಯಾವ ಸುಣ್ಣ ಎಂದು ನೋಡಿರುವುದಿಲ್ಲ.

ಶುರು ಕಲ್ಲಿನಿಂದ. ಬಾಗಲಕೋಟೆ, ಲೋಕಾಪುರದ ಸುತ್ತ ಸಿಗುವ ಸುಣ್ಣಕಲ್ಲಾಗಲಿ, ಕರಾವಳಿಯ ಅಳಿವೆಗಳಲ್ಲಿ ಬಾಚುವ ಚಿಪ್ಪಾಗಲಿ, ರಸಾಯನಶಾಸ್ತ್ರದ ಕಣ್ಣಿಗೆ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಇದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. 100 ಕೆಜಿ ಶುದ್ಧ ಕಲ್ಲಿಗೆ 56 ಕೆಜಿ ಸುಣ್ಣ ಬರುತ್ತದೆ, ಮಿಕ್ಕ 44 ಕೆಜಿ ಗಾಳಿಗೆ ಹೋಗುತ್ತದೆ. ಗೂಡಿನಿಂದ ತೆಗೆದ ಹರಳು ಮೊದಲಿನ ಗಾತ್ರದಲ್ಲೇ ಇದ್ದರೂ ಕೈಗೆ ಹಗುರ ಅನ್ನಿಸುವುದು ಇದರಿಂದಲೇ. ಬೆಂಕಿ ಕಡಿಮೆಯಾದರೆ ಒಳಗೆ ಕಲ್ಲಿನ ತಿರುಳು ಹಾಗೇ ಉಳಿಯುತ್ತದೆ. ಅತಿಯಾದರೆ ಹರಳಿನ ಸಣ್ಣ ರಂಧ್ರಗಳು ಮುಚ್ಚಿಕೊಂಡು ನೀರು ಒಳಗಿಳಿಯುವುದಿಲ್ಲ. ಆ ಅತಿಸುಟ್ಟ ಹರಳಿನ ಕಿತಾಪತಿ ಮುಂದೆ ಬರುತ್ತದೆ.

ಸುಟ್ಟ ಸುಣ್ಣಕ್ಕೆ ನೀರು ಸೇರಿದರೆ ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಎಲೆ-ಅಡಿಕೆಯ ಡಬ್ಬಿಯಲ್ಲಿ ಇರುವುದು ಇದು. ಲೆಕ್ಕದ ಪ್ರಕಾರ 1 ಕೆಜಿ ಸುಟ್ಟ ಸುಣ್ಣಕ್ಕೆ ಬೇಕಾದ ನೀರು 320 ಮಿಲಿ ಮಾತ್ರ. ಆದರೆ ಆ ಒಂದು ಕೆಜಿ ಅರಳುವಾಗ ಹೊರಡುವ ಶಾಖ ಮೂರು ಲೀಟರಿಗಿಂತ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ಒಯ್ಯುವಷ್ಟಿದೆ. ಹಾಗಾಗಿ ನೀರು ಕಡಿಮೆ ಹಾಕಿದರೆ ಅಷ್ಟೂ ಆವಿಯಾಗಿ ಸಿಡಿಯುತ್ತದೆ, ಸುಣ್ಣ ಒರಟು ಕಾಳಾಗಿ ಉಳಿಯುತ್ತದೆ. ಪಾತ್ರೆಯಲ್ಲಿ ಮೊದಲು ನೀರು, ಆಮೇಲೆ ಒಂದೊಂದೇ ಹರಳು. ಈ ಕ್ರಮ ತಿರುವುಮುರುವಾದಾಗಲೇ ಬಿಸಿ ಸುಣ್ಣ ಮುಖಕ್ಕೆ ಹಾರುವುದು. ತೆಳು ಪ್ಲಾಸ್ಟಿಕ್ ಬಕೆಟ್ ಈ ಬಿಸಿಗೆ ಮೆತ್ತಗಾಗಿ ಕುಸಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ. ಸುಣ್ಣ ಅದನ್ನು ತಿನ್ನುತ್ತದೆ, ತಿನ್ನುವಾಗ ಹೊತ್ತಿಕೊಳ್ಳುವ ಜಲಜನಕ ಅನಿಲ ಹೊರಡುತ್ತದೆ. ಹಿತ್ತಾಳೆಯ ಸುಣ್ಣಕಾಯಿಗಳು ತಲೆಮಾರುಗಟ್ಟಲೆ ಬಾಳಿವೆ, ಅಲ್ಯೂಮಿನಿಯಂ ಡಬ್ಬಿ ಹಾಗೆ ಬಾಳದು.

ಮೂರನೆಯ ಹಂತಕ್ಕೆ ಯಾರೂ ಏನೂ ಮಾಡಬೇಕಿಲ್ಲ. ಅರಳಿದ ಸುಣ್ಣ ಗಾಳಿಯಲ್ಲಿರುವ ಸುಮಾರು ಶೇ. 0.04ರಷ್ಟು ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಕಲ್ಲಿಗೆ ಮರಳುತ್ತದೆ. ಗೋಡೆಯ ಮೇಲೆ ಇದು ನಡೆದರೆ ಸುಣ್ಣ ಕಚ್ಚಿಕೊಂಡಿತು ಅನ್ನುತ್ತೇವೆ, ಚೀಲದೊಳಗೇ ನಡೆದರೆ ಸುಣ್ಣ ಸತ್ತಿತು ಅನ್ನಬೇಕು. ಸುಣ್ಣದ ತಿಳಿಯ ಮೇಲೆ ಮಾರನೆಯ ದಿನ ಕಾಣುವ ತೆಳ್ಳನೆಯ ಹೊಳೆಯುವ ಕೆನೆಯೂ ಇದೇ. ಸುಣ್ಣದ ಮುದ್ದೆಯ ಮೇಲೆ ಯಾವಾಗಲೂ ಎರಡು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ನೀರಿನ ಪದರ ದಾಟಿ ಗಾಳಿ ಒಳಗಿಳಿಯುವುದು ಬಹಳ ನಿಧಾನ, ಹಾಗಿಟ್ಟ ಸುಣ್ಣ ವರ್ಷಗಟ್ಟಲೆ ಜೀವಂತವಾಗಿರುತ್ತದೆ.

ಯಾವುದು ಯಾವುದು ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಒಣ ಹರಳಿನ ಸಣ್ಣ ಚೂರಿಗೆ ದೂರದಿಂದ ನಾಲ್ಕು ಹನಿ ನೀರು ಬಿಡಿ. ಬಿಸಿಯಾಗಿ ಉಬ್ಬಿ ಒಡೆದರೆ ಅದು ಸುಟ್ಟ ಸುಣ್ಣ. ಬಿಸಿಯಾಗದಿದ್ದರೆ ಇನ್ನೊಂದು ಚಿಟಿಕೆಗೆ ಒದ್ದೆ ಅರಿಶಿನ ಸೋಕಿಸಿ. ತಕ್ಷಣ ಕಡುಗೆಂಪಾದರೆ ಅರಳಿದ ಸುಣ್ಣ. ಮತ್ತೊಂದು ಚಿಟಿಕೆಗೆ ನಿಂಬೆರಸ ಹಿಂಡಿ. ನೊರೆಗುಟ್ಟಿ ಗುಳ್ಳೆ ಎದ್ದರೆ ಅದರಲ್ಲಿ ಕಾರ್ಬೊನೇಟ್ ಇದೆ. ಕೆಂಪೂ ಆಯಿತು, ನೊರೆಯೂ ಬಂತು ಅಂದರೆ ಅರ್ಧ ಸತ್ತ ಸುಣ್ಣ, ಅಂಗಡಿಯ ತೆರೆದ ಮೂಟೆಯಲ್ಲಿ ಸಿಗುವುದು ಬಹುತೇಕ ಇದೇ. ಅಂದಹಾಗೆ, ಶಾಲೆಯ ಸೀಮೆಸುಣ್ಣ ಈ ಮೂರರಲ್ಲೂ ಸೇರಬೇಕೆಂದಿಲ್ಲ. ಬಹಳಷ್ಟು ಸೀಮೆಸುಣ್ಣ ಜಿಪ್ಸಮ್, ಅಂದರೆ ಕ್ಯಾಲ್ಸಿಯಂ ಸಲ್ಫೇಟ್.

ಅರಿಶಿನದ ಈ ಕೆಂಪೇ ಆರತಿ ತಟ್ಟೆಯ ಓಕುಳಿ ನೀರು. ಅರಿಶಿನದ ಬಣ್ಣ ಕರ್ಕ್ಯುಮಿನ್‌ನದು. ಹುಳಿಯಲ್ಲೂ ಬರಿ ನೀರಿನಲ್ಲೂ ಅದು ಹಳದಿ, ಪಿಎಚ್ (ಹುಳಿ-ಕ್ಷಾರ ಅಳೆಯುವ ಮಾಪನ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಎಂಟನ್ನು ದಾಟಿ ಏರುತ್ತಿದ್ದಂತೆ ಕೆಂಪು. ಓಕುಳಿಗೆ ನಿಂಬೆ ಹಿಂಡಿದರೆ ಮತ್ತೆ ಹಳದಿ. ಇಡೀ ದಿನ ಹಾಗೇ ಬಿಟ್ಟರೆ ಕೆಂಪು ಮಾಸಿ ಕಂದಾಗುತ್ತದೆ, ಯಾಕೆಂದರೆ ಕ್ಷಾರದಲ್ಲಿ ಕರ್ಕ್ಯುಮಿನ್ ಬೇಗನೆ ಒಡೆದುಹೋಗುತ್ತದೆ. ಸಾಂಪ್ರದಾಯಿಕ ಕುಂಕುಮವೂ ಅರಿಶಿನದ್ದೇ, ಆದರೆ ಅಲ್ಲಿ ಬಿಳಿಗಾರದ ಬೋರಾನ್ ಕರ್ಕ್ಯುಮಿನ್‌ಗೆ ಅಂಟಿಕೊಂಡು ಬೇರೆಯೇ ಸಂಯುಕ್ತವಾಗುವುದರಿಂದ ನಿಂಬೆರಸಕ್ಕೂ ಅದು ಹೆದರುವುದಿಲ್ಲ.

ಗೋಡೆಯ ವಿಷಯ. ಸುಣ್ಣ ಬಳಿದ ಗೋಡೆಗೆ ಒರಗಿದರೆ ಬೆನ್ನೆಲ್ಲ ಬಿಳಿ ಅನ್ನುವ ದೂರಿಗೆ ಕಾರಣ ಎರಡು. ಒಂದು, ತಂದ ಪುಡಿಯೇ ಸತ್ತಿತ್ತು. ಸತ್ತ ಸುಣ್ಣಕ್ಕೆ ಇನ್ನು ಕಲ್ಲಾಗುವ ಶಕ್ತಿ ಇಲ್ಲ, ಅದು ಬರಿ ಬಿಳಿ ಪುಡಿ. ಎರಡು, ಬಳಿದದ್ದು ಬೇಗ ಒಣಗಿತು. ಇಂಗಾಲದ ಡೈಆಕ್ಸೈಡ್ ಸುಣ್ಣದ ಜೊತೆ ಸೇರಬೇಕಾದರೆ ಮೊದಲು ನೀರಿನಲ್ಲಿ ಕರಗಬೇಕು. ಪೂರ್ತಿ ಒಣಗಿದ ಪದರದಲ್ಲಿ ಈ ಕೆಲಸ ನಿಂತೇಹೋಗುತ್ತದೆ. ಆದ್ದರಿಂದ ಬಳಿಯುವ ಮೊದಲು ಗೋಡೆಗೆ ನೀರು ಹೊಡೆಯಬೇಕು, ಏಪ್ರಿಲ್ ಬಿಸಿಲು ನೇರವಾಗಿ ಬೀಳುವ ಗೋಡೆಗೆ ಮಧ್ಯಾಹ್ನ ಕೈ ಹಾಕಬಾರದು, ದಪ್ಪನೆಯ ಒಂದು ಕೈ ಬಳಿಯುವ ಬದಲು ಹಾಲಿನಷ್ಟು ತೆಳುವಾಗಿ ಮೂರು ಕೈ ಬಳಿಯಬೇಕು. ಪ್ರಮಾಣ: 1 ಕೆಜಿ ಸುಟ್ಟ ಸುಣ್ಣಕ್ಕೆ 5 ಲೀಟರ್ ನೀರು, ಕನಿಷ್ಠ 24 ಗಂಟೆ ನೆನೆ, ಒರಟು ಬಟ್ಟೆಯಲ್ಲಿ ಸೋಸು. ಸೋಸಿದ 10 ಲೀಟರಿಗೆ ಸುಮಾರು 40 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಬೆರೆಸು, ಬೇಕಿದ್ದರೆ ಚಿಟಿಕೆ ನೀಲಿ. ಗೋಂದಿನ ಬದಲು ಅಕ್ಕಿ ಗಂಜಿ ಹಾಕುವವರೂ ಇದ್ದಾರೆ. ಕೆಲಸ ನಡೆಯುತ್ತದೆ, ಆದರೆ ತೇವದ ಗೋಡೆಯಲ್ಲಿ ಗಂಜಿ ಬೂಷ್ಟಿಗೆ ಊಟವಾಗುತ್ತದೆ.

ಗಾರೆ ಕೆಲಸಕ್ಕೆ 24 ಗಂಟೆ ಸಾಲದು. ಅತಿಸುಟ್ಟ ಹರಳುಗಳು ವಾರಗಟ್ಟಲೆ ಅರಳದೆ ಕೂತಿದ್ದು, ಗೋಡೆಗೆ ಮೆತ್ತಿ ಎಷ್ಟೋ ತಿಂಗಳಾದ ಮೇಲೆ ತೇವ ಹೀರಿ ಉಬ್ಬುತ್ತವೆ, ಗಿಲಾವು ಕಾಸಿನಗಲ ಎದ್ದು ಬೀಳುತ್ತದೆ. ಆ ಗುಳಿಯ ನಡುವೆ ಬಿಳಿ ಚುಕ್ಕೆ ಕಂಡರೆ ಅದೇ ಅಪರಾಧಿ. ಹಳೆಯ ಗಾರೆಯವರು ಸುಣ್ಣವನ್ನು ಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆಹಾಕುತ್ತಿದ್ದುದು ಇದಕ್ಕೇ. ಅವರು ಬೆಲ್ಲದ ನೀರು ಬೆರೆಸುತ್ತಿದ್ದುದರ ಹಿಂದೆಯೂ ಲೆಕ್ಕವಿದೆ. ಬರಿ ನೀರಿನಲ್ಲಿ ಸುಣ್ಣ ಕರಗುವುದು ಲೀಟರಿಗೆ 1.7 ಗ್ರಾಂ ಆಸುಪಾಸು, ಸಕ್ಕರೆ ಸೇರಿದರೆ ಅದರ ಎಷ್ಟೋ ಪಟ್ಟು.

ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಸುಣ್ಣದ ಸಾವು-ಬದುಕು ನೇರವಾಗಿ ದುಡ್ಡಿನ ಪ್ರಶ್ನೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರಲ್ಲಿ ಮಿಯಾರ್ಡೆ ಎಂಬ ಸಸ್ಯವಿಜ್ಞಾನಿಯ ಕೈಯಲ್ಲಿ ರೂಪುಗೊಂಡದ್ದು. ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ ಅಡಿಕೆಗೆ ಅದನ್ನು ರೂಢಿಗೆ ತಂದವರು ಅಲ್ಲಿನ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. ಶೇ. 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕೆಜಿ ಸುಟ್ಟ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಮೈಲುತುತ್ತ ಪೂರ್ತಿ ಕರಗಿ, ಸುಣ್ಣ ಪೂರ್ತಿ ಅರಳಿ ತಣ್ಣಗಾದ ಮೇಲೆ ಮೈಲುತುತ್ತದ ನೀರನ್ನು ಸುಣ್ಣದ ಹಾಲಿಗೆ ಸುರಿಯುತ್ತ ತಿರುವಬೇಕು. ಅವಸರಕ್ಕೆ ಇದನ್ನು ಉಲ್ಟಾ ಮಾಡಿದರೆ ಕಣಗಳು ದಪ್ಪಗಾಗಿ ಬೇಗ ತಳ ಸೇರುತ್ತವೆ, ಗೊನೆಗೆ ಅಂಟುವುದಿಲ್ಲ. ಕಬ್ಬಿಣದ ಡ್ರಮ್ಮಿನಲ್ಲಿ ಮಾಡಿದರೆ ತಾಮ್ರ ಡ್ರಮ್ಮಿಗೇ ಅಂಟಿಕೊಳ್ಳುತ್ತದೆ. ಮಾಡಿದ್ದನ್ನು ಅಂದೇ ಹೊಡೆದು ಮುಗಿಸಬೇಕು.

ಆಮೇಲೆ ಚಾಕುವಿನ ಪರೀಕ್ಷೆ. ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ, ಆದ್ದರಿಂದ ಇನ್ನಷ್ಟು ಸುಣ್ಣದ ಹಾಲು ಸೇರಿಸಬೇಕು. ಇಲ್ಲಿ ಒಂದು ಲೆಕ್ಕ ಕುತೂಹಲದ್ದು. ಒಂದು ಕೆಜಿ ಮೈಲುತುತ್ತದ ತಾಮ್ರವನ್ನೆಲ್ಲ ಹಿಡಿದು ಕೂರಿಸಲು ಶುದ್ಧವಾದ ಸುಟ್ಟ ಸುಣ್ಣ ಸುಮಾರು 225 ಗ್ರಾಂ ಸಾಕು. ಅಂದರೆ ಪುಸ್ತಕದ 1 ಕೆಜಿ ಲೆಕ್ಕದಲ್ಲಿ ಸುಣ್ಣ ನಾಲ್ಕು ಪಟ್ಟಿಗಿಂತ ಹೆಚ್ಚಿದೆ. ಒಂದು ಕೆಜಿ ಹಾಕಿದ ಮೇಲೂ ಚಾಕು ಕೆಂಪಾದರೆ, ತಂದ ಸುಣ್ಣದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಸತ್ತಿದೆ ಎಂದಾಯಿತು. ಇನ್ನೂ ನಾಲ್ಕು ಮುಷ್ಟಿ ಸುರಿಯುವ ಬದಲು ಆ ಮೂಟೆಯನ್ನೇ ಬದಲಿಸುವುದು ಲೇಸು, ಯಾಕೆಂದರೆ ಆ ಸತ್ತ ಪುಡಿಯೆಲ್ಲ ಹೋಗಿ ಕೂರುವುದು ಪಂಪಿನ ನಾಝಲ್‌ನಲ್ಲಿ.

ಚರಂಡಿ ಬದಿಗೆ, ಜಾತ್ರೆಯ ದಾರಿಗೆ ಎರಚುವ ಬಿಳಿ ಪುಡಿ ಬೇರೆ. ಅದು ಬ್ಲೀಚಿಂಗ್ ಪೌಡರ್, ಅರಳಿದ ಸುಣ್ಣಕ್ಕೆ ಕ್ಲೋರಿನ್ ಹಾಯಿಸಿ ಮಾಡಿದ್ದು. ಮೂಗಿಗೆ ಘಾಟು ಹೊಡೆದರೆ ಅದೇ. ಆಮ್ಲದ ಟಾಯ್ಲೆಟ್ ಕ್ಲೀನರ್ ಜೊತೆ ಅದು ಸೇರಿದರೆ ವಿಷಾನಿಲವಾದ ಕ್ಲೋರಿನ್ ಹೊರಡುತ್ತದೆ.

ಇನ್ನು ಬಾಯಿ. ಅರಳಿದ ಸುಣ್ಣದ ಪಿಎಚ್ ಸುಮಾರು 12.4. ತಾಂಬೂಲದಲ್ಲಿ ಅದು ಮಾಡುವ ಕೆಲಸ ರುಚಿಯದ್ದಷ್ಟೇ ಅಲ್ಲ. ಅಡಿಕೆಯ ಅರೆಕೊಲಿನ್ ಎಂಬ ಸತ್ವ ಕ್ಷಾರದಲ್ಲಿ ವಿದ್ಯುದಾವೇಶ ಕಳೆದುಕೊಂಡು ಬಾಯಿಯ ಒಳಪೊರೆಯನ್ನು ಸಲೀಸಾಗಿ ದಾಟುತ್ತದೆ. ಅದರ ಒಂದು ಪಾಲು ಒಡೆದು ಅರೆಕೈಡಿನ್ ಆಗುತ್ತದೆ. ಅಡಿಕೆಯ ಒಗರು ಪದಾರ್ಥಗಳು ಕ್ಷಾರದಲ್ಲಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕೆಂಪಾಗುತ್ತವೆ. ತುಟಿ ರಂಗೇರುವುದು ಹೀಗೆ, ಸುಣ್ಣವಿಲ್ಲದೆ ಎಷ್ಟು ಅಗಿದರೂ ಆ ಬಣ್ಣ ಬರುವುದಿಲ್ಲ. ಅದೇ ಕ್ರಿಯೆಯಲ್ಲಿ ಜೀವಕೋಶಗಳನ್ನು ಕೆಡಿಸುವ ಚುರುಕು ಆಮ್ಲಜನಕದ ಕಣಗಳೂ ಹುಟ್ಟುತ್ತವೆ. ಹೊಗೆಸೊಪ್ಪು ಹಾಕದಿದ್ದರೆ ತೊಂದರೆಯಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ತಂಬಾಕಿಲ್ಲದ ತಾಂಬೂಲವನ್ನೂ, ಬರಿ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಖಾರ ತಿಂದಾಗ ಬಾಯಿ ಮೊದಲಿಗಿಂತ ಹೆಚ್ಚು ಉರಿಯುವುದು, ಕೆನ್ನೆಯ ಒಳಭಾಗ ಬಿಳಿಚಿ ಬಿಗಿಯಾಗುವುದು, ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡಲಾಗದಿರುವುದು, ಇವು ಕಂಡರೆ ದಂತವೈದ್ಯರ ಬಳಿ ಹೋಗಲು ತಡ ಮಾಡಬಾರದು. ಬಿಗಿದುಕೊಂಡ ಬಾಯಿ ಅಡಿಕೆ ಬಿಟ್ಟ ಮೇಲೂ ಪೂರ್ತಿ ಸಡಿಲವಾಗುವುದು ಅಪರೂಪ.

ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ಹಾಕಿ ತಿಕ್ಕುವುದರ ಹಿಂದೆಯೂ ಇದೇ ರಸಾಯನಶಾಸ್ತ್ರ, ಇನ್ನೂ ಸ್ಪಷ್ಟವಾಗಿ. ಪಿಎಚ್ 6ರಲ್ಲಿ ನಿಕೋಟಿನ್‌ನ ಶೇ. 1ರಷ್ಟು ಮಾತ್ರ ಪೊರೆ ದಾಟುವ ರೂಪದಲ್ಲಿರುತ್ತದೆ, 8ರಲ್ಲಿ ಅರ್ಧ, 9ರಲ್ಲಿ ಶೇ. 90. ತಿಕ್ಕಿದಾಗ ಮೂಗಿಗೆ ಬಡಿಯುವ ಘಾಟು ಹೀಗೆ ಬಿಡುಗಡೆಯಾದ ನಿಕೋಟಿನ್ ಮತ್ತು ಅಮೋನಿಯಾ. ಸೊಪ್ಪು ಅಷ್ಟೇ ಇದ್ದರೂ ಸುಣ್ಣ ಅದರ ಹೊಡೆತವನ್ನು ಎಷ್ಟೋ ಪಟ್ಟು ಹೆಚ್ಚಿಸುತ್ತದೆ, ಚಟವನ್ನೂ.

ಮನೆಮದ್ದಿನ ಪಟ್ಟಿಯಲ್ಲಿ ಸುಣ್ಣದ ಹೆಸರು ಉದ್ದಕ್ಕಿದೆ. ಗೋಧಿ ಕಾಳಿನಷ್ಟು ಸುಣ್ಣ ದಿನಾ ತಿಂದರೆ ಮೂಳೆ ಗಟ್ಟಿ, ಹತ್ತಾರು ರೋಗ ಮಾಯ ಎನ್ನುವ ವಾಟ್ಸಾಪ್ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಲೆಕ್ಕ ಹಾಕೋಣ. ಗೋಧಿ ಕಾಳಿನಷ್ಟು ಸುಣ್ಣದ ಮುದ್ದೆಯನ್ನು ಧಾರಾಳವಾಗಿ 100 ಮಿಲಿಗ್ರಾಂ ಎಂದುಕೊಂಡರೂ ಅದರಲ್ಲಿ ಅರ್ಧ ನೀರು. ಉಳಿದ 50 ಮಿಲಿಗ್ರಾಂನಲ್ಲಿ ಕ್ಯಾಲ್ಸಿಯಂ ಶೇ. 54, ಅಂದರೆ 27 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದ್ದು 1000 ಮಿಲಿಗ್ರಾಂ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಒಂದು ಲೋಟ ಹಾಲಿನಲ್ಲಿ 200ಕ್ಕೂ ಹೆಚ್ಚು. ಅಷ್ಟು ಹಿಟ್ಟಿನ ಒಂದು ರಾಗಿಮುದ್ದೆ ಉಂಡವರು ಹನ್ನೆರಡು ಕಾಳು ಸುಣ್ಣಕ್ಕಿಂತ ಹೆಚ್ಚು ಕ್ಯಾಲ್ಸಿಯಂ ತಿಂದಿರುತ್ತಾರೆ, ನಾಲಿಗೆ ಸುಟ್ಟುಕೊಳ್ಳದೆ. ಹೆಚ್ಚು ತಿಂದರೆ ಹೆಚ್ಚು ಲಾಭ ಎಂದು ಪ್ರಮಾಣ ಏರಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಮತ್ತು ಕ್ಷಾರ ಎರಡೂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ವಿಪರೀತ ತಾಂಬೂಲ ಹಾಕುವವರಲ್ಲಿ ಹೀಗಾದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಮೇಲಾಗಿ ಗೂಡಿನ ಸುಣ್ಣದಲ್ಲಿ ಸೀಸ, ಆರ್ಸೆನಿಕ್ ಎಷ್ಟಿದೆ ಎಂದು ಯಾರೂ ಅಳೆದಿರುವುದಿಲ್ಲ.

ಜೇನುನೊಣ ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚುವುದು ವಿಷ ಆಮ್ಲ, ಸುಣ್ಣ ಕ್ಷಾರ ಎಂಬ ತರ್ಕದ ಮೇಲೆ. ತರ್ಕ ಚೆನ್ನಾಗಿದೆ. ಆದರೆ ಉರಿಗೆ ಕಾರಣ ಮುಖ್ಯವಾಗಿ ವಿಷದಲ್ಲಿರುವ ಮೆಲಿಟಿನ್ ಎಂಬ ಪ್ರೊಟೀನು, ಅದು ಇಳಿದಿರುವುದು ಚರ್ಮದ ಒಳಗೆ, ಸುಣ್ಣ ಕೂರುವುದು ಮೇಲೆ. ಕೊಂಡಿಯನ್ನು ಆದಷ್ಟು ಬೇಗ ಕೆರೆದು ತೆಗೆದು ತಣ್ಣೀರ ಪಟ್ಟಿ ಇಡುವುದರಿಂದ ಹೆಚ್ಚು ಉಪಯೋಗ. ಉಳುಕಿಗೆ ಸುಣ್ಣ-ಅರಿಶಿನ, ಸುಣ್ಣ-ಬೆಲ್ಲ ಹಚ್ಚಿದಾಗ ಹಾಯೆನಿಸುವುದು ನಿಜ: ಚರ್ಮ ಚುರುಗುಟ್ಟಿದಾಗ ಒಳಗಿನ ನೋವಿನ ಕಡೆ ಗಮನ ಕಡಿಮೆಯಾಗುತ್ತದೆ, ಒಣಗಿದ ಪಟ್ಟು ಕೀಲನ್ನು ಅಲುಗಾಡದಂತೆ ಹಿಡಿದಿಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ರಾತ್ರಿಯಿಡೀ ಬಿಟ್ಟರೆ ಮಾತ್ರ ಬೆಳಗ್ಗೆ ಬೊಬ್ಬೆ. ಮಕ್ಕಳ ಚರ್ಮಕ್ಕೆ, ಗಾಯದ ಮೇಲೆ, ಸಕ್ಕರೆ ಕಾಯಿಲೆಯವರ ಪಾದಕ್ಕೆ ಇದು ಬೇಡ. ಹಸಿ ಸಿಮೆಂಟಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಆಗುವ ಸುಟ್ಟಗಾಯವೂ ಇದೇ ಸುಣ್ಣದಿಂದ. ಆ ಹೊತ್ತಿಗೆ ನೋವೇ ಇರುವುದಿಲ್ಲ, ಗಂಟೆಗಳ ನಂತರ ಚರ್ಮ ಕಪ್ಪಗಾಗಿ ಏಳುತ್ತದೆ.

ಇವೆಲ್ಲಕ್ಕಿಂತ ಅಪಾಯದ್ದು ನರಹುಲಿ, ಮಚ್ಚೆ ಉದುರಿಸಲು ಸುಣ್ಣಕ್ಕೆ ಬಟ್ಟೆ ಸೋಡಾ ಅಥವಾ ಸೋಪಿನ ಪುಡಿ ಕಲಸಿ ಹಚ್ಚುವುದು. ಸುಣ್ಣ ಒಂಟಿಯಾಗಿದ್ದಾಗ ಅದರ ಸುಡುವ ಶಕ್ತಿಗೆ ಒಂದು ಕಡಿವಾಣವಿದೆ. ಲೀಟರಿಗೆ 1.7 ಗ್ರಾಂಗಿಂತ ಹೆಚ್ಚು ಅದು ಕರಗುವುದೇ ಇಲ್ಲ. ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಸೇರಿದ ಕೂಡಲೇ ಎರಡೂ ಜೋಡಿ ಬದಲಿಸಿಕೊಳ್ಳುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಬೀಳುತ್ತದೆ, ನೀರಿನಲ್ಲಿ ಉಳಿಯುವುದು ಕಾಸ್ಟಿಕ್ ಸೋಡಾ. 74 ಗ್ರಾಂ ಸುಣ್ಣ, 106 ಗ್ರಾಂ ಒಣ ಸೋಡಾ ಸೇರಿದರೆ 80 ಗ್ರಾಂ ಕಾಸ್ಟಿಕ್ ಸೋಡಾ. ಅದು ಲೀಟರ್ ನೀರಿನಲ್ಲಿ ಒಂದು ಕೆಜಿಯಷ್ಟು ಕರಗಬಲ್ಲದು, ಕಡಿವಾಣ ಕಳಚಿತು. ಹಿಂದೆ ಕಾಸ್ಟಿಕ್ ಸೋಡಾವನ್ನು ಕಾರ್ಖಾನೆಗಳಲ್ಲಿ ತಯಾರಿಸುತ್ತಿದ್ದದ್ದೇ ಹೀಗೆ. ಮುಖದ ಮೇಲೆ ಅದೇ ಕಾರ್ಖಾನೆ ನಡೆಸಿದರೆ ನರಹುಲಿಯ ಜೊತೆಗೆ ಅದರಡಿಯ ಚರ್ಮವೂ ಹೋಗಿ ಗುಳಿಬಿದ್ದ ಕಲೆ ಉಳಿಯುತ್ತದೆ. ನರಹುಲಿಗೆ ಔಷಧಿ ಅಂಗಡಿಯ ಸ್ಯಾಲಿಸಿಲಿಕ್ ಆಮ್ಲದ ದ್ರಾವಣವಿದೆ, ಚರ್ಮವೈದ್ಯರಲ್ಲಿ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ವಿಧಾನವಿದೆ. ಆಕಾರ ಅಥವಾ ಬಣ್ಣ ಬದಲಾಗುತ್ತಿರುವ ಮಚ್ಚೆಯನ್ನಂತೂ ಸುಡಲೇಬಾರದು. ಅದು ಕ್ಯಾನ್ಸರೋ ಅಲ್ಲವೋ ಎಂದು ಹೇಳಬೇಕಾದ ಅಂಗಾಂಶವೇ ಸುಟ್ಟುಹೋಗುತ್ತದೆ.

ಹಾಗಾದರೆ ಸುಣ್ಣ ಔಷಧವೇ ಅಲ್ಲವೇ? ಔಷಧವೇ, ಆದರೆ ದಂತವೈದ್ಯರ ಕೈಯಲ್ಲಿ. ಬೇರುನಾಳದ ಚಿಕಿತ್ಸೆಯ ನಡುವೆ ಹಲ್ಲಿನೊಳಗೆ ತುಂಬಿಡುವ ಬಿಳಿ ಪೇಸ್ಟ್ ಮಾಡುವುದು ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನಿಂದ. ಹಲ್ಲಿಗೆ ಇದನ್ನು ತಂದವರು ಜರ್ಮನಿಯ ಹೆರ್ಮನ್, 1920ರಲ್ಲಿ. ಅಷ್ಟು ಕ್ಷಾರದಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾ ಬದುಕುವುದಿಲ್ಲ. ತಿರುಳಿಗೆ ತಾಗಿಸಿ ಇಟ್ಟರೆ ಅದರ ಅಡಿಯಲ್ಲಿ ಹಲ್ಲು ತಾನೇ ಹೊಸ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಮುಚ್ಚಿದ ಸಣ್ಣ ಕೋಣೆ, ಅಳತೆಯ ಮದ್ದು, ಕೆಲವು ವಾರಗಳ ಅವಧಿ: ಸುಣ್ಣಕ್ಕೆ ಹೇಳಿಮಾಡಿಸಿದ ಜಾಗ. ಹಳ್ಳಿಯ ಕಡೆ ಹುಳುಕು ಹಲ್ಲಿಗೆ ಡಬ್ಬಿಯ ಸುಣ್ಣ ಮೆತ್ತಿಕೊಳ್ಳುವವರು ಆ ಪಕ್ಕದ ವಸಡನ್ನೂ ಸುಟ್ಟುಕೊಳ್ಳುತ್ತಾರೆ.

ಕೊನೆಗೆ ಕಣ್ಣು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಗಾದೆ ಹೇಳುವಾಗ ಸುಣ್ಣ ಬಿದ್ದ ಕಣ್ಣಿನ ಗತಿ ಏನೆಂದು ಯೋಚಿಸುವವರು ಕಡಿಮೆ. ಹೊಗೆಸೊಪ್ಪಿನ ಜೊತೆ ಸಿಗುವ ಪುಟ್ಟ ಪ್ಲಾಸ್ಟಿಕ್ ಪೊಟ್ಟಣ, ಹಿಸುಕುವ ಟ್ಯೂಬು ಮಕ್ಕಳ ಕೈಗೆ ಸಿಕ್ಕರೆ ಆಟಿಕೆ. ಒತ್ತಿದಾಗ, ಕಚ್ಚಿದಾಗ ಫಟ್ಟನೆ ಒಡೆದು ಮುಖಕ್ಕೇ ಹಾರುತ್ತದೆ. ಆಮ್ಲ ಬಿದ್ದರೆ ಕಣ್ಣಿನ ಮೇಲ್ಮೈಯ ಪ್ರೊಟೀನು ಗಡ್ಡೆಕಟ್ಟಿ ಒಂದು ಮಟ್ಟಿಗೆ ತಡೆಗೋಡೆಯಾಗುತ್ತದೆ. ಕ್ಷಾರ ಹಾಗಲ್ಲ. ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನೇ ಸಾಬೂನಾಗಿಸಿ ಒಳಗೆ ದಾರಿ ಮಾಡಿಕೊಳ್ಳುತ್ತದೆ. ಸುಣ್ಣದ ಇನ್ನೊಂದು ಕೇಡು ಅದರ ಅಂಟು. ಮೇಲಿನ ರೆಪ್ಪೆಯ ಮಡಿಕೆಯೊಳಗೆ ಕಣಗಳು ಸಿಕ್ಕಿಹಾಕಿಕೊಂಡು ಗಂಟೆಗಟ್ಟಲೆ ಕ್ಷಾರ ಬಿಡುತ್ತಲೇ ಇರುತ್ತವೆ.

ಮೊದಲ ಒಂದು ನಿಮಿಷದಲ್ಲಿ ಮಾಡಿದ ಕೆಲಸದ ತೂಕ ಆಮೇಲಿನ ಯಾವ ಔಷಧಿಗೂ ಇಲ್ಲ. ನಲ್ಲಿ, ಬಿಂದಿಗೆ, ಬಾಟಲಿ, ಯಾವುದು ಹತ್ತಿರವೋ ಆ ಶುದ್ಧ ನೀರು. ಮಗುವನ್ನು ಟವೆಲ್ಲಿನಲ್ಲಿ ಸುತ್ತಿ, ಪೆಟ್ಟಾದ ಕಣ್ಣು ಕೆಳಗೆ ಬರುವಂತೆ ಪಕ್ಕಕ್ಕೆ ಮಲಗಿಸಿ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯುವಂತೆ ಸುರಿಯಿರಿ. ಹರಿದ ನೀರು ಇನ್ನೊಂದು ಕಣ್ಣಿಗೆ ಹೋಗಬಾರದು. ಕಾಣುವ ಸುಣ್ಣದ ತುಣುಕನ್ನು ಒದ್ದೆ ಬಟ್ಟೆಯ ತುದಿಯಿಂದ ಅಥವಾ ಹತ್ತಿಯ ಕಡ್ಡಿಯಿಂದ ತೆಗೆಯಿರಿ. ಕನಿಷ್ಠ 30 ನಿಮಿಷ ನಿಲ್ಲಿಸದೆ ತೊಳೆಯಬೇಕು. ಮಗು ಚೀರುತ್ತದೆ, ಸುತ್ತಲಿನವರು ಸಾಕು ಅನ್ನುತ್ತಾರೆ, ಐದು ನಿಮಿಷ ಅರ್ಧ ಗಂಟೆಯಂತೆ ಕಾಣುತ್ತದೆ. ಗಡಿಯಾರ ನೋಡಿ.

ಸುಣ್ಣಕ್ಕೆ ನೀರು ಹಾಕಿದರೆ ಇನ್ನಷ್ಟು ಬಿಸಿಯಾಗುವುದಿಲ್ಲವೇ ಎಂಬ ಅನುಮಾನಕ್ಕೆ ಉತ್ತರ ಮೊದಲೇ ಬಂದಿದೆ. ಪೊಟ್ಟಣದಲ್ಲಿರುವುದು ಆಗಲೇ ಅರಳಿದ ಸುಣ್ಣ, ಅದರ ಶಾಖ ಎಂದೋ ಮುಗಿದಿದೆ. ಸುಟ್ಟ ಸುಣ್ಣದ ಒಣ ಪುಡಿ ಮೈಮೇಲೆ ಬಿದ್ದಾಗ ಮಾತ್ರ ಮೊದಲು ಒಣ ಬಟ್ಟೆಯಿಂದ ಕೊಡವಿ, ಆಮೇಲೆ ಧಾರಾಳ ನೀರು. ಕಣ್ಣಿಗೆ ಬಿದ್ದದ್ದು ಒಣ ಪುಡಿಯಾದರೂ ಕಾಯದೆ ನೀರೇ, ಶಾಖವನ್ನೂ ಹೊತ್ತೊಯ್ಯುವಷ್ಟು ಧಾರಾಳವಾಗಿ. ಕ್ಷಾರಕ್ಕೆ ಆಮ್ಲ ಎಂದು ನಿಂಬೆರಸ ಹಿಂಡಿದರೆ ಎರಡನೇ ಗಾಯ. ಎದೆಹಾಲು, ಹರಳೆಣ್ಣೆ, ತುಪ್ಪ ಹಾಕಿದರೆ ಸುಣ್ಣ ಒಳಗೇ ಉಳಿಯುತ್ತದೆ, ತೊಳೆಯುವ ಸಮಯವೂ ಹೋಗುತ್ತದೆ. ಗಾದೆಯ ಬೆಣ್ಣೆಯೂ ಬೇಡ. ಬಟ್ಟೆ ಕಟ್ಟಿ ಕಣ್ಣು ಮುಚ್ಚಬೇಡಿ. ಸುಣ್ಣ ನುಂಗಿದ್ದರೆ ವಾಂತಿ ಮಾಡಿಸಬೇಡಿ. ಬಾಯಿ ಮುಕ್ಕಳಿಸಿ, ಒಂದೆರಡು ಗುಟುಕು ನೀರು ಕೊಟ್ಟು ಆಸ್ಪತ್ರೆಗೆ ಒಯ್ಯಿರಿ.

ಅರ್ಧ ಗಂಟೆಯ ನಂತರ ಕಣ್ಣಿನ ಆಸ್ಪತ್ರೆಗೆ ಹೋಗಲೇಬೇಕು, ನೋವು ನಿಂತಿದ್ದರೂ. ನೋವು ನಿಂತದ್ದು ನರಗಳು ಸುಟ್ಟಿದ್ದರಿಂದಲೂ ಇರಬಹುದು. ಕೆಂಪು ಕಣ್ಣಿಗಿಂತ ಹಾಲಿನಂತೆ ಬಿಳಿಚಿದ ಕಣ್ಣು ಹೆಚ್ಚು ಕೆಟ್ಟದ್ದು, ಅಲ್ಲಿ ರಕ್ತನಾಳಗಳೇ ಸತ್ತಿವೆ. ವೈದ್ಯರು ಕಾಗದದ ಪಟ್ಟಿಯಿಂದ ಪಿಎಚ್ ನೋಡಿ 7ರ ಆಸುಪಾಸಿಗೆ ಬರುವ ತನಕ ಮತ್ತೆ ತೊಳೆಯುತ್ತಾರೆ, ಮೇಲಿನ ರೆಪ್ಪೆಯನ್ನು ಎರಡು ಸಲ ಮಡಚಿ ಒಳಗಿನ ಕಣಗಳನ್ನು ಹುಡುಕಿ ತೆಗೆಯುತ್ತಾರೆ. ಮನೆಯಲ್ಲಿ ಆ ಮಡಿಕೆಯ ತನಕ ತಲುಪಲು ಆಗುವುದಿಲ್ಲ. ಕಪ್ಪುಗುಡ್ಡೆಯ ಅಂಚಿನಲ್ಲಿದ್ದು ಅದರ ಮೇಲ್ಪದರವನ್ನು ಹೊಸದಾಗಿ ಕಟ್ಟುವ ಲಿಂಬಲ್ ಕಾಂಡಕೋಶಗಳು ಪೂರ್ತಿ ಸತ್ತರೆ ಪಾರದರ್ಶಕ ಪಟಲದ ಮೇಲೆ ರಕ್ತನಾಳ ಹಬ್ಬಿ ದೃಷ್ಟಿ ಮುಚ್ಚುತ್ತದೆ. ಹಾಗಾದ ಕಣ್ಣಿಗೆ ಇನ್ನೊಂದು ಒಳ್ಳೆಯ ಕಣ್ಣಿನ ಅಂಚಿನಿಂದ ಚಿಕ್ಕ ಚೂರು ತೆಗೆದು ಬಿಡಿಬಿಡಿಯಾಗಿ ನೆಡುವ ಶಸ್ತ್ರಚಿಕಿತ್ಸೆಯನ್ನು ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೈದ್ಯರು ರೂಪಿಸಿ 2012ರಲ್ಲಿ ಪ್ರಕಟಿಸಿದರು. ಎರಡೂ ಕಣ್ಣು ಹೀಗೆ ಸುಟ್ಟವರಿಗೆ ತಮ್ಮದೇ ಕಣ್ಣಿನ ಚೂರು ಬಳಸುವ ಈ ದಾರಿ ಇಲ್ಲ.

ಆಸ್ಪತ್ರೆಗೆ ಹೊರಡುವಾಗ ಒಡೆದ ಪೊಟ್ಟಣವನ್ನೋ ಡಬ್ಬಿಯನ್ನೋ ಜೊತೆಗೆ ಒಯ್ಯಿರಿ. ಬಿದ್ದದ್ದು ಎಲೆಯ ಸುಣ್ಣವೋ, ಗೋಡೆಯ ಪುಡಿಯೋ, ಗೂಡಿನ ಹರಳೋ, ಎಷ್ಟು ಹೊತ್ತಾಯಿತು, ಎಷ್ಟು ನಿಮಿಷ ತೊಳೆದಿರಿ, ಬೇರೆ ಏನಾದರೂ ಹಾಕಿದ್ದಿರಾ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.